ಹಿಟ್ಟಿನ ಅಂಗಿ

ಚೌಕಿಪೇಟೆಯ ನಮ್ಮ ಗಿರಣಿಯಲ್ಲಿ
ಅಪ್ಪನ ಕಾಲದಿಂದಲೂ ಗೋಧಿಯದೇ ಸದ್ದು.
ಬೆಲ್ಟು ತಿರುಗಿದರೆ ಗೋಡೆ, ಗಡಿಯಾರ, ದೇವರ ಫೋಟೋ,
ನನ್ನ ರೆಪ್ಪೆ, ಎಲ್ಲಕ್ಕೂ ಒಂದೇ ಬಿಳುಪು.
ಮದುವೆಯಾದ ಹೊಸತರಲ್ಲಿ ನೀನು ನಗುತ್ತಿದ್ದೆ:
"ಮುದುಕನ್ನ ಕಟ್ಕಂಡೀನಿ, ಮೈ ತೊಳೆದರೆ ಹುಡುಗ ಆಗ್ತಾನೆ."

ಆಮೇಲೆ ನಗು ಕಡಿಮೆಯಾಯಿತು.
ಉಂಡದ್ದು ಉಳಿಯದು, ಉಳಿದದ್ದು ಮೈಗೆ ಹತ್ತದು.
ಹನ್ನೊಂದು ವರ್ಷ ಗ್ಯಾಸು ಅಂದರು, ಉಷ್ಣ ಅಂದರು,
ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.
ಕಬ್ಬಿಣದ ಗುಳಿಗೆ ನುಂಗಿ ನುಂಗಿ
ನೀನು ಮಾತ್ರ ಹುಲ್ಲುಕಡ್ಡಿ.

ಕೊನೆಗೆ ಒಬ್ಬ ಡಾಕ್ಟರಮ್ಮ, ನನ್ನ ಅರ್ಧ ವಯಸ್ಸಿನವರು,
ರಕ್ತದ ಚೀಟಿ ನೋಡಿ ಹೇಳಿದರು:
"ಗೋಧಿಯೊಳಗೆ ಒಂದು ಅಂಟು ಇದೆ, ಗ್ಲುಟೆನ್ ಅಂತ.
ಇವರ ಕರುಳಿಗೆ ಅದು ಆಗಲ್ಲ. ಪೂರ್ತಿ ಬಿಡಬೇಕು."
ಗೋಧಿ ಬೀಸುವವನ ಹೆಂಡತಿಗೆ!
ಆಟೋದಲ್ಲಿ ನಾನು ಮಾತಾಡಲಿಲ್ಲ.
ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು ಗಾಡಿ ದಾಟುವವರೆಗೆ
ನೀನು ಬೆರಳು ಮಡಚುತ್ತ ಎಣಿಸಿದೆ:
ಚಪಾತಿ, ಹೋಳಿಗೆ, ಶ್ಯಾವಿಗೆ, ಉಪ್ಪಿಟ್ಟು…
ಹಬ್ಬದ ಹುಗ್ಗಿಗೆ ಬರುವಾಗ ಮುಷ್ಟಿ ಮುಚ್ಚಿಹೋಗಿತ್ತು.

ನಾನೂ ಬಿಡುತ್ತೇನೆ ಎಂದೆ. ಧಾರಾಳವೇನಲ್ಲ,
ಎರಡೆರಡು ಹಂಚು, ಎರಡೆರಡು ಲಟ್ಟಣಿಗೆ
ತೊಳೆಯುವವರಾರು ಎಂಬ ಸೋಮಾರಿತನ.
ಜೋಳ ಬಂತು, ನವಣೆ ಬಂತು, ರಾತ್ರಿಗೆ ಮುದ್ದೆ ಬಂತು.
ಮೊದಲ ವಾರವೇ ಕದ್ದೆ. ಗಡಿಯಾರ ಕಂಬದ ಹತ್ತಿರ
ಒಂದು ಬೆಣ್ಣೆ ಬನ್ನು, ನಿಂತಲ್ಲೇ ತಿಂದು ಮೀಸೆ ಒರೆಸಿಕೊಂಡೆ.
ನೀನು ಕೇಳಲಿಲ್ಲ. ನಿನ್ನ ಮೂಗಿಗೆ ಗೊತ್ತಾಗಿತ್ತು.

ಆದರೂ ನಿನ್ನ ಹೊಟ್ಟೆ ನಿಲ್ಲಲಿಲ್ಲ, ಆರು ವಾರ.
ಮತ್ತೆ ಹೋದೆವು. ಡಾಕ್ಟರಮ್ಮ ಡಬ್ಬಿ ಡಬ್ಬಿ ವಿಚಾರಿಸಿದರು,
ಇಂಗಿನ ಡಬ್ಬಿಯನ್ನೂ ಬಿಡಲಿಲ್ಲ.
ಆಮೇಲೆ ನನ್ನತ್ತ ತಿರುಗಿ, "ನೀವೇನು ಕೆಲಸ?"

ಅಂದು ರಾತ್ರಿ ಗೂಟದ ಮೇಲಿನ ನನ್ನ ಅಂಗಿಯನ್ನು
ಇಬ್ಬರೂ ನೋಡುತ್ತ ಕೂತೆವು,
ಮನೆಗೆ ಬಂದ ನಂಟನಿಗೆ
ಏಳು ಅನ್ನಲು ಬಾಯಿ ಬಾರದವರ ಹಾಗೆ.
ನಿನ್ನ ದಿಂಬಿನಿಂದ ಅದು ಎರಡೇ ಮೊಳ.
ತಬ್ಬಿದಾಗಲೆಲ್ಲ ನಾನೇ ಒಂದು ಚಿಟಿಕೆ ಉಣಿಸಿದ್ದೆ.

ಈಗ ಹಿತ್ತಿಲ ನಲ್ಲಿಯಲ್ಲಿ ಮಿಂದೇ ಒಳಗೆ ಬರುತ್ತೇನೆ,
ಪುಷ್ಯದ ಚಳಿಯಲ್ಲೂ, ಕಿವಿಯ ಹಿಂದೆ ಉಜ್ಜಿಕೊಂಡು.
ಪಕ್ಕದ ಮನೆಯ ಕೊಟ್ರವ್ವ ಗೋಡೆಯಾಚೆಯಿಂದ,
"ಈ ವಯಸ್ಸಿಗೆ ಎಂಥ ಮಡಿ ಹಿಡೀತಪ್ಪಾ ನಿನಗೆ!"
ಗಿರಣಿಯ ಮೂಲೆಯ ಸಣ್ಣ ಕಲ್ಲು ಜೋಳ ನವಣೆಗೇ ಮೀಸಲು,
ಗೋಧಿ ಡಬ್ಬಿಯವರನ್ನು ಅತ್ತ ಸುಳಿಯಗೊಡುವುದಿಲ್ಲ.

ತಂಗಿಯ ಮಗನ ಮದುವೆ, ಹರಿಹರದಲ್ಲಿ.
"ಒಂದು ಸೌಟಿಗೆ ಏನಾಗ್ತತಿ ಅತ್ತಿಗೆ" ಎಂದು ಹುಗ್ಗಿ ಬಂತು,
ತುಪ್ಪ ಅದರ ಬೆನ್ನಿಗೇ ಬಂತು.
ನಿನ್ನ ಎಲೆಯ ಮೇಲೆ ನನ್ನ ಅಂಗೈ ಅಡ್ಡವಿಟ್ಟೆ.
ಬಿಸಿ ಸೌಟು ತಗುಲಿ ಗುಳ್ಳೆ ಎದ್ದಿತು.
ನನಗೂ ಬೇಡ ಎಂದಾಗ ಪಂಕ್ತಿಯೇ ತಿರುಗಿ ನೋಡಿತು.

ನನಗೇನಾಯಿತು? ಕೇಳಿದವರಿಗೆ ಹೇಳಲು ಅಂಜಿಕೆ.
ಯುಗಾದಿಯಿಂದೀಚೆಗೆ ಬಾಯಿಹುಣ್ಣು ಬಂದಿಲ್ಲ.
ಮಧ್ಯಾಹ್ನ ಮೂಟೆಗೊರಗಿ ಗೊರಕೆ ಹೊಡೆಯುತ್ತಿದ್ದವನು
ಸಂಜೆ ನಿನ್ನ ಜೊತೆ ಕುಂದವಾಡ ಕೆರೆಗೆ ಒಂದು ಸುತ್ತು.
ಗೋಧಿ ಬಿಟ್ಟದ್ದಕ್ಕೋ, ಬನ್ನು ಬಿಟ್ಟದ್ದಕ್ಕೋ,
ನಿನ್ನ ಪಕ್ಕ ನಡೆದದ್ದಕ್ಕೋ,
ಬೀಸಿದ ಮೇಲೆ ಯಾವ ಕಾಳು ಯಾವುದೆಂದು ಹೇಗೆ ಹೇಳಲಿ?

ಅಮಾವಾಸ್ಯೆ, ಗಿರಣಿಗೆ ರಜೆ.
ಮೂಟೆ ತೂಗುವ ತಕ್ಕಡಿಯನ್ನು ಹಿತ್ತಿಲಿಗೆಳೆದು
ನಾಲ್ಕು ಕೊಡ ನೀರು ಸುರಿದು ನಿನ್ನನ್ನು ಹತ್ತಿಸುತ್ತೇನೆ.
ಮೊದಲ ಸಲ ಮೂವತ್ತೆಂಟು ಎಂದಿತ್ತು,
ಅರ್ಧ ಮೂಟೆ ಗೋಧಿಗೂ ಕಡಿಮೆ.
ಇವತ್ತು ನಲವತ್ತೈದು, ಮೇಲೆ ಇನ್ನೂರು ಗ್ರಾಂ.
"ಇನ್ನೂರು ಬಳೇದು, ಬರಕಾಬ್ಯಾಡ್ರಿ" ಎಂದೆ ನೀನು.
ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ
ಬಳೆ ಸಮೇತ ಬರೆದೆ.