ನಲವತ್ತು ಸೆಕೆಂಡಿಗೊಮ್ಮೆ

ಬೈತಖೋಲದ ಐಸ್ ಪ್ಲಾಂಟಿನಲ್ಲಿ ಕಂಪ್ರೆಸರ್ ಅಂದರೆ
ಹಸಿರು ಬಳಿದ ಕಬ್ಬಿಣ, ಮೂಗು ಕೊರೆಯುವ ಅಮೋನಿಯ,
ರಾತ್ರಿ ಪಾಳಿ, ಮೂಲೆ ಮಡಚಿದ ಲಾಗ್‌ಬುಕ್ಕು.
ನನ್ನ ಲ್ಯಾಪ್‌ಟಾಪಿನಲ್ಲಿ ಕಂಪ್ರೆಸರ್ ಅಂದರೆ
ನಾಲ್ಕು ಗುಂಡಿ, ಅಲುಗುವ ಒಂದು ಮುಳ್ಳು,
ಬೆಲೆ ಸೊನ್ನೆ.
ಅದು ಅನಿಲವನ್ನು ಹಿಂಡಿ ನೀರನ್ನು ಹೆಪ್ಪುಗಟ್ಟಿಸುತ್ತದೆ.
ಇದು ಕಿರುಚುವುದರ ಹೆಗಲು ಅದುಮಿ ಕೂರಿಸಿ
ಪಿಸುಗುಟ್ಟುವುದಕ್ಕೆ ಜಾಗ ಮಾಡುತ್ತದೆ.
ಎರಡಕ್ಕೂ ಆಪರೇಟರ್ ನಾನೇ,
ವಿಲಾಸ ತಾಂಡೇಲ, ಐಟಿಐ, ಫಿಟ್ಟರ್.

ಲ್ಯಾಪ್‌ಟಾಪು ಸದಾಶಿವಗಡದಲ್ಲಿ ಬಾಗಿಲು ಹಾಕಿದ
ಕಂಪ್ಯೂಟರ್ ಕ್ಲಾಸಿನದು. ಸ್ಪೇಸ್ ಬಾರ್ ಇಲ್ಲ,
ಹಾಡು ಶುರುಮಾಡಲು ಮೌಸೇ ಗತಿ.
ಮೂರು ರಿವರ್ಬ್ ಒಟ್ಟಿಗೆ ಹಾಕಿದರೆ
ಗಂಟಲಲ್ಲಿ ಮುಳ್ಳು ಸಿಕ್ಕ ಬೆಕ್ಕಿನ ಹಾಗೆ ಕೆಮ್ಮುತ್ತದೆ.
ಹಾಗಾಗಿ ಒಂದೇ.
ಬರೆದವನ ಹೆಸರು ಕೆಳಗೆ ಸಣ್ಣಕ್ಷರದಲ್ಲಿದೆ: ಟುಯೋಮಾಸ್.
ಚಳಿಗಾಲದ ರಜೆಯಲ್ಲಿ ಬರೆದದ್ದಂತೆ,
ಹಿಡಿಸಿದರೆ ಒಂದು ಕಾಫಿ ಕೊಡಿಸಿ ಅನ್ನುತ್ತಾನೆ.
ಐಸಿಗೆ ಪ್ಲಾಂಟೇ ಬೇಡದ ಊರು ಅವನದು.
ಇನ್ನೂ ಕಾಫಿ ಕೊಡಿಸಿಲ್ಲ, ನೆನಪಿದೆ.

ಅದರೊಳಗೆ ಚರ್ಚುಂಟು, ಸಭಾಂಗಣವುಂಟು, ಗುಹೆಯೂ ಉಂಟು,
ಮೀನು ಹರಾಜಿನ ಶೆಡ್ಡು ಇಲ್ಲ.
ಖಾಲಿ ಕೋಲ್ಡ್ ರೂಮಿನ ನಡುವೆ ನಿಂತು
ಯಾರದೋ ಬರ್ತ್‌ಡೇಯಲ್ಲಿ ಮಿಕ್ಕ ಬಲೂನು ಒಡೆದೆ,
ಸದ್ದನ್ನು ಫೋನಿನಲ್ಲಿ ಹಿಡಿದೆ.
ಈಗ ಅದೂ ಉಂಟು, ಹೆಸರು 'ಖೋಲಿ ನಂಬರ್ ಎರಡು'.
ಏನು ಬಾರಿಸಿದರೂ ಅದಕ್ಕೆ ಕೊಂಚ ಚಳಿ ಹತ್ತುತ್ತದೆ.

ಸಿಂಥ್ ಮಾತ್ರ ಪುಕ್ಕಟೆಯಲ್ಲ.
ಇಪ್ಪತ್ತೊಂಬತ್ತು ಡಾಲರ್. ಡೆಮೊ ಬಳಸಬಹುದು,
ನಲವತ್ತು ಸೆಕೆಂಡಿಗೊಮ್ಮೆ ಎರಡು ಸೆಕೆಂಡು
ಬಾಯಿ ಮುಚ್ಚಿಕೊಳ್ಳುತ್ತದೆ. ಸಿಟ್ಟುಬಂದು ಬಿಟ್ಟವರೇ ಹೆಚ್ಚು.
ನನಗೆ ಜೂನ್ ಇತ್ತು, ಜುಲೈ ಇತ್ತು:
ಬೋಟುಗಳೆಲ್ಲ ದಡದಲ್ಲಿ, ಪ್ಲಾಂಟು ಬಂದ್, ಅರ್ಧ ಸಂಬಳ,
ಪೈಪಿನ ತುಕ್ಕು ಕೆರೆಯುವ ಕೆಲಸ.
ಕೆರೆಯುತ್ತ ಎಣಿಸಿದೆ. ಮೂವತ್ತೆಂಟು, ಮೂವತ್ತೊಂಬತ್ತು.
ಅದು ಸುಮ್ಮನಾಗುವ ಮೊದಲೇ ಡ್ರಮ್ಮು ನಿಲ್ಲಿಸಿದೆ,
ಮತ್ತೆ ಬಾಯಿ ತೆರೆದಾಗ ಬೇಸ್ ಒಂದನ್ನೇ ಮುಂದೆ ಬಿಟ್ಟೆ,
ಹೊಂಡ ಎಲ್ಲಿದೆಯೆಂದು ಗೊತ್ತಿರುವ ಬೈಕಿನವನ ಹಾಗೆ.

ಆಗಸ್ಟಿನಲ್ಲಿ ಬೋಟು ಇಳಿದವು.
ಬೆಳಗಿನ ನಾಲ್ಕಕ್ಕೆ ಬುಟ್ಟಿಗೆ ಐಸ್ ಒಯ್ಯಲು ಬಂದ
ಪ್ರೇಮಾಬಾಯಿ ದುರ್ಗೇಕರಳಿಗೆ ಸ್ಪೀಕರಿನಲ್ಲಿ ಕೇಳಿಸಿದೆ.
ನಲವತ್ತನೆಯ ಸೆಕೆಂಡಿಗೆ ತಲೆಯೆತ್ತಿ ಬಲ್ಬು ನೋಡಿದಳು:
"ಎಂತದೋ, ಕರೆಂಟು ಹೋಯ್ತಾ?"
ಬಲ್ಬು ಉರಿಯುತ್ತಿತ್ತು. ಹಾಡು ಬಂತು. ನಕ್ಕಳು.
ಆಮೇಲೆ ದಿನಾ ಅದೇ. ಆ ಎರಡು ಸೆಕೆಂಡಿಗಾಗಿ
ಐಸ್ ತುಂಬುವ ಕೈ ನಿಧಾನ ಮಾಡುತ್ತಿದ್ದಳು.

ನವೆಂಬರಿನಲ್ಲಿ ಸೇಲು ಬಂತು. ಒಂಬತ್ತು ಡಾಲರ್.
ನನ್ನ ಕಾರ್ಡು ಮೂರು ಸಲ ಬೇಡವೆಂದಿತು.
ಕೋಡಿಬಾಗದ ಆಗ್ನೆಲನ ಕಾರ್ಡು ಒಪ್ಪಿತು.
ಅವನಿಗೆ ಎಂಟು ನೂರು, ಮೇಲೆ ಎರಡು ಡಜನ್ ಬಂಗಡೆ.
ಲೈಸೆನ್ಸಿನ ಇಪ್ಪತ್ತು ಅಂಕೆ ಒಂದೊಂದಾಗಿ ಕುಟ್ಟಿದೆ.
ಹಾಡು ಚತುಷ್ಪಥದ ಹಾಗೆ ಹೋಯಿತು,
ಎಲ್ಲೂ ನಿಲ್ಲದೆ, ಯಾರ ಮನೆಯೂ ಕಾಣದೆ.
ಪ್ರೇಮಾಬಾಯಿ ಕೊನೆಯವರೆಗೂ ಕೇಳಿದಳು.
"ಈ ಸಲ ಕರೆಂಟೇ ಹೋಗಲಿಲ್ಲ" ಅಂದಳು,
ಸಿಂಬಿ ಸರಿಮಾಡಿಕೊಂಡು ಹೊರಟಳು.

ಇವತ್ತು ಕತ್ತರಿ ಹಿಡಿದು ಕೂತಿದ್ದೇನೆ.
ದುಡ್ಡು ಕೊಟ್ಟು ಮುಚ್ಚಿಸಿದ ತೂತನ್ನು
ನಲವತ್ತಕ್ಕೊಂದರಂತೆ ಕೈಯಾರೆ ಕೊರೆಯುತ್ತಿದ್ದೇನೆ.
ಹೆಡ್‌ಫೋನಿನಲ್ಲಿ ಹಾಡು ನಿಲ್ಲುತ್ತದೆ,
ಆ ತೂತಿನಿಂದ ಒಳಗೆ ಬರುತ್ತದೆ
ಹಸಿರು ಕಂಪ್ರೆಸರಿನ ಗುಂಯ್, ಹೆಚ್ಚೂಕಡಿಮೆ ಅದೇ ಶ್ರುತಿ.
ಜೂನಿನಲ್ಲಿ ಅದು ಇರಲಿಲ್ಲ, ಹಾಗಾಗಿ ತಿಳಿದಿರಲಿಲ್ಲ.
ಮತ್ತೆ ಹಾಡು.

ಎದ್ದು ಹೋಗಿ ಗೇಜು ನೋಡಿ ಬಂದೆ.
ಲಾಗ್‌ಬುಕ್ಕಿನಲ್ಲಿ ಬರೆದೆ:
ಮೂರು ಹತ್ತು. ಒತ್ತಡ ಸರಿ.