ಏನಾಗಬೇಕು

ಬನ್ನಿಮಂಟಪದ ಪೇಂಟ್ ಫ್ಯಾಕ್ಟರಿಯಲ್ಲಿ
ಇಪ್ಪತ್ತೆರಡು ವರ್ಷ ಶಾಯಿಯ ಸೀಸೆಗೆ ಮುಚ್ಚಳ ತಿರುಗಿಸಿದವಳು ನಾನು.
ಬೆಳಕು ತಾಗಬಾರದು ಅದಕ್ಕೆ, ಕಂದು ಗಾಜಿನೊಳಗೆ ಕೂತಿರಬೇಕು,
ಬೆರಳ ಮೇಲೆ ಬಿದ್ದು ಬಿಸಿಲು ಕಂಡ ಮೇಲೆಯೇ ಕಪ್ಪು.
ಹನಿಹನಿಗೂ ಲೆಕ್ಕ. ಗೇಟಿನಲ್ಲಿ
ನನ್ನ ಬುತ್ತಿಯನ್ನೂ ಬಿಚ್ಚಿ ನೋಡುತ್ತಿದ್ದರು.

ಸೆನ್ವಾರಾ ಸಿಕ್ಕಿದ್ದು ಕೆಸರೆಯ ಆಚೆ, ಗುಜರಿಯವರ ಬಯಲಲ್ಲಿ.
ಅವಳ ಮಾಡಿಗೆ ಹೊದೆಸಿದ ಫ್ಲೆಕ್ಸಿನಲ್ಲಿ
ಹೋದ ಚುನಾವಣೆಯ ಯಾರೋ ತಲೆಕೆಳಗಾಗಿ ಕೈಮುಗಿಯುತ್ತಿದ್ದ.
ಹಳೇ ಕುಕ್ಕರ್ ಮಾರಲು ಹೋಗಿದ್ದೆ. ತೂಕದಲ್ಲಿ ಮೋಸ ಎಂದು
ಮೇಸ್ತ್ರಿಗೆ ಅವಳೇ ಹೇಳಿದಳು, ನನ್ನ ಪರವಾಗಿ,
ಗಂಡು ಹೆಣ್ಣು ಎಲ್ಲವನ್ನೂ ‘ಅದು’ ಎನ್ನುವ ಕನ್ನಡದಲ್ಲಿ.

ನಾಫ್ ನದಿ ದಾಟಿ ಬಂದವಳು. ಬುತಿಡಾಂಗಿನ ಹತ್ತಿರ ಊರು,
ಈಗ ಅಲ್ಲಿ ಊರಿಲ್ಲ, ಹೆಸರನ್ನು ಇವಳೇ ಇಟ್ಟುಕೊಂಡಿದ್ದಾಳೆ.
ಅಜ್ಜ ಒಂದು ಸಲ ಓಟು ಹಾಕಿದ್ದನಂತೆ.
ಅಪ್ಪನ ಬಿಳಿ ಕಾರ್ಡು ವಾಪಸು ತೆಗೆದುಕೊಂಡು ರಸೀದಿ ಕೊಟ್ಟರಂತೆ.
ರಸೀದಿ ಇದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಕ್ಕಿ ಡಬ್ಬದ ತಳದಲ್ಲಿ.
ನಮ್ಮ ಶಾಯಿ ಆ ಕಡೆಗೂ ಹೋಗಿತ್ತೋ ಏನೋ,
ನಾನು ವಿಚಾರಿಸಲಿಲ್ಲ.

ಚಳಿಯ ಒಂದು ರಾತ್ರಿ ರೊಕೇಯಾಳಿಗೆ ನೋವು ಬಂತು.
ಚೆಲುವಾಂಬ ಆಸ್ಪತ್ರೆಯ ಕಿಟಕಿಯಲ್ಲಿ ಆಧಾರ್ ಕೇಳಿದರು,
ತಾಯಿ ಕಾರ್ಡ್ ಕೇಳಿದರು, ಊರು ಕೇಳಿದರು,
ಕೊನೆಗೆ ಗುಮಾಸ್ತ ಪೆನ್ನು ಎತ್ತಿ ಸೆನ್ವಾರಾಳತ್ತ:
“ಇವಳಿಗೆ ನೀನು ಏನಾಗಬೇಕು?”

ಅವನು ಕೇಳಿದ್ದು ನಂಟು.
ಅವಳಿಗೆ ಹಾಗೆ ಕೇಳಿಸಲಿಲ್ಲ.
ಅಕ್ಕ, ತಂಗಿ, ವಾರಗಿತ್ತಿ, ಒಂದು ಸುಳ್ಳು ಸಾಕಿತ್ತು,
ಹೇಳದೆ ನಿಂತಳು, ಯಾರೋ ಕೆಲಸ ಒಪ್ಪಿಸಿದ ಹಾಗೆ.
ಹೆರಿಗೆಯಾಗಿ ಹೊರಗೆ ಬಂದಾಗ ಬೆಳಗಾಗಿತ್ತು.
“ಚಿಕ್ಕತಾಯಕ್ಕ, ಏನಾಗಬೇಕು ನಾನು?”

ಮೊದಲು ಒಂದು ನೋಟ್‌ಬುಕ್.
ಯಾವ ಶಾಲೆ ಯಾರ ಮಗುವಿಗೆ ಜಾಗವಿಲ್ಲ ಅಂತು,
ಠಾಣೆಗೆ ಯಾರನ್ನು ಕರೆಸಿ ಎಷ್ಟು ಹೊತ್ತು ಕೂರಿಸಿದರು, ತಾರೀಕು ಸಮೇತ.
ಲಾಯರ್ ಮೇಡಂ ಒಬ್ಬರು ‘ಮಾನವ ಹಕ್ಕು’ ಎಂಬ ಮಾತು ಕೊಟ್ಟರು,
ಇವಳ ಬಾಯಲ್ಲಿ ಅದು ‘ಮಾನವ ಹಕ್ಕಿ’ಯಾಗಿ
ಎರಡು ತಿಂಗಳು ಹಾರಾಡಿತು. ನಾನು ತಿದ್ದಲಿಲ್ಲ.

ಬಯಲಿನ ಪರವಾಗಿ ಮಾತಾಡುತ್ತಿದ್ದುದು ಮೇಸ್ತ್ರಿ ಬಾಬ್‌ಜಾನ್.
ತಕ್ಕಡಿ ಅವನದು, ಕರೆಂಟಿನ ತಂತಿ ಅವನದು,
ಎಲ್ಲರ ಬಾಯಿಯೂ ಅವನದೇ.
“ಓಟು ಹಾಕೋಣ” ಅಂದಳು. ನಕ್ಕರು.
ದೇಶವಿಲ್ಲದವರಿಗೆ ಎಂಥ ಓಟು?
“ದೇಶಕ್ಕಲ್ಲ, ಕೊಳಾಯಿಗೆ.”

ಬೆಟ್ಟದಲ್ಲಿ ಆಷಾಢ ಶುಕ್ರವಾರದ ಸಾಲು,
ನಮಾಜು ಮುಗಿದ ಮೇಲೆ ಬಯಲಲ್ಲಿ ಇನ್ನೊಂದು ಸಾಲು.
ಬಾಟಲಿ ಮುಚ್ಚಳಗಳೇ ಮತ. ಬಿಳಿ ಅವನಿಗೆ, ನೀಲಿ ಅವಳಿಗೆ.
ಹಾಕಿದವರೇ ಮತ್ತೆ ಹಾಕಬಾರದಲ್ಲ,
ಬೆರಳಿಗೆ ಗುರುತು ಬೇಕು. ಎಲ್ಲರೂ ನನ್ನ ಕಡೆ ನೋಡಿದರು.
ಇಪ್ಪತ್ತೆರಡು ವರ್ಷ. ಒಂದು ಹನಿ ತಂದವಳಲ್ಲ ನಾನು,
ಸೆರಗಿನ ಅಂಚಿಗೂ ತಾಗಿಸಿಕೊಂಡವಳಲ್ಲ.
ತಲೆ ತಗ್ಗಿಸಿದೆ.
ಅವಳು ಗಾಡಿಯವನಿಂದ ಕಾಲು ಕೆಜಿ ನೇರಳೆ ಹಣ್ಣು ತರಿಸಿ
ಬಟ್ಟಲಲ್ಲಿ ಹಿಸುಕಿದಳು.

ನೀಲಿ ಅರವತ್ತೊಂದು. ಬಿಳಿ ಐವತ್ತೆಂಟು.
ಹಸಿರು ಮುಚ್ಚಳ ನಾಲ್ಕು ಇದ್ದವು, ಯಾರಿಗೋ.

ಅದೇ ಸಂಜೆ ತಂತಿ ಕಿತ್ತ ಬಾಬ್‌ಜಾನ್. ಒಂಬತ್ತು ದಿನ ಕತ್ತಲು.
ಎರಡು ಮನೆಯವರು ಅವಳ ಜೊತೆ ಮಾತು ಬಿಟ್ಟರು.
ನೇರಳೆಯ ಬಣ್ಣ ಮೂರೇ ದಿನಕ್ಕೆ ತೊಳೆದುಹೋಯಿತು.
ಕೊಳಾಯಿ ಇನ್ನೂ ಬಂದಿಲ್ಲ, ಅರ್ಜಿಗೆ ನಂಬರು ಬಂದಿದೆ.

ನಿನ್ನೆ ಮತ್ತೆ ಅದೇ ಕಿಟಕಿ, ಯಾರದೋ ಕೂಸಿಗೆ ಜ್ವರ.
ಗುಮಾಸ್ತ ಬೇರೆ, ಪ್ರಶ್ನೆ ಅದೇ.
“ಅರವತ್ತೊಂದು ಜನ ಹೇಳಿದ್ದಾರೆ ನಾನು ಏನಾಗಬೇಕು ಅಂತ,
ಬರೆದುಕೊಳ್ಳಿ ಸಾರ್.”
ಅವನು ಅವಳನ್ನು ನೋಡಿದ, ಫಾರಮ್ಮಿನ ಸಣ್ಣ ಕಲಮನ್ನು ನೋಡಿದ,
‘ದೊಡ್ಡಮ್ಮ’ ಎಂದು ಬರೆದುಕೊಂಡ.