ಪೊದೇರ ಬರುವವರೆಗೆ

ಗುರುವಾರ ಮಧ್ಯಾಹ್ನ ಮೂರು, ಕೋಣೆ ನೂರಾಹನ್ನೆರಡು.
ಮೊದಲು ಇದು ಜೆರಾಕ್ಸ್ ಕೋಣೆಯಾಗಿತ್ತು,
ಈಗಲೂ ಗೋಡೆಗೆ ಬಿಸಿ ಕಾಗದದ ವಾಸನೆ.
ಕಿಟಕಿಯಾಚೆ ತಾಳಗಾಂವದ ಬಯಲು, ಒಣಹುಲ್ಲು,
ಇನ್ನೂ ಆಚೆ ಜುವಾರಿ,
ಒಂದು ಬಾರ್ಜು, ನಿಂತ ಹಾಗೆ ಸಾಗುತ್ತಿದೆ.

ನಾವು ಐದು ಜನ.
ಪಾಠ ಮಾಡಿ, ಮಾರ್ಕು ಹಾಕಿ, ನ್ಯಾಕ್ ತಂಡಕ್ಕೆ ಕಡತ ಹೊಲಿದು
ಬರೆಯುವುದೊಂದನ್ನು ಮೇ ತಿಂಗಳ ರಜೆಗೆಂದು
ಹನ್ನೊಂದು ಮೇ ತಿಂಗಳು ಎತ್ತಿಟ್ಟವರು.

ನಿಯಮ ಪೆರ್ಪೆತ್ ಬಾಯಿಯದು:
ಮುಗಿಯಿತಾ ಎಂದು ಯಾರೂ ಯಾರನ್ನೂ ಕೇಳಕೂಡದು.
ಎಲ್ಲಿ ಸಿಕ್ಕಿಕೊಂಡಿದ್ದೀ ಅನ್ನಬಹುದು.
ಗಡಿಯಾರ ನೋಡುವಂತಿಲ್ಲ.
ಕ್ವಾರ್ಟರ್ಸಿನ ಇಳಿಜಾರಿನಲ್ಲಿ ಪೊದೇರನ ಸೈಕಲ್ಲು
ಪೋಂಯ್ ಪೋಂಯ್ ಅನ್ನುವವರೆಗೆ ಏಳುವಂತಿಲ್ಲ.
ಅವನು ಬೇಗ ಬಂದ ದಿನ ಎಲ್ಲರಿಗೂ ಒಳಗೊಳಗೇ ಖುಷಿ,
ಹೇಳಿಕೊಳ್ಳುವುದಿಲ್ಲ.

ಸರ್ವೇಶ ವೇರೇಕರ, ರಸಾಯನಶಾಸ್ತ್ರ, ಎರಡೇ ಬೆರಳು.
ಅವನು ಬರೆಯುವ ಸದ್ದಿಗಿಂತ ಅಳಿಸುವ ಸದ್ದು ಜೋರು.

ನಾಜ್ನೀನ್ ಕಾರೋಲ್ ಬರೆಯುವುದು ಮೀನು ಮಾರುವ ಹೆಂಗಸರ ಲೆಕ್ಕ.
ಮಾಪ್ಸಾ ಸಂತೆಯಲ್ಲಿ ಯಾರಿಗೆ ಎಷ್ಟು ಉದ್ರಿ ಕೊಟ್ಟೆವೆಂದು
ಚೀಟಿಯಿಲ್ಲದೆ, ನಾಲ್ಕು ಮಳೆಗಾಲ ದಾಟಿಸಿ
ನೆನಪಿನಲ್ಲಿ ಇಟ್ಟುಕೊಳ್ಳುವ ಬಗೆ.
ಮೂರು ಪತ್ರಿಕೆಗಳು ವಾಪಸು ಕಳಿಸಿದವು.
ಮೂರನೆಯದರ ವಿಮರ್ಶಕ ಕೇಳಿದ್ದ: ದಾಖಲೆ ಎಲ್ಲಿ?
ಆ ಗುರುವಾರ ಯಾರೂ ಬರೆಯಲಿಲ್ಲ.
ಪೆರ್ಪೆತ್ ಬಾಯಿ ಆ ಪತ್ರವನ್ನು ಒಂದೊಂದೇ ವಾಕ್ಯ
ಕೊಂಕಣಿಗೆ ತಿರುಗಿಸಿ ಓದಿದಳು,
ಬಂಗುಡೆಗೆ ಚೌಕಾಸಿ ಮಾಡುವ ದನಿಯಲ್ಲಿ.
ನಾಜ್ನೀನ್ ನಕ್ಕಳು, ಮೂಗು ಒರೆಸಿಕೊಂಡಳು.
ಮರುವಾರ ನೋಡಿದರೆ ಆ ಪ್ರಶ್ನೆಯೇ ಅವಳ ತಲೆಬರಹ.

ನನ್ನದು ಕಲ್ಲು.
ಡಿಚೋಲಿ ಗಣಿಗಳ ಮೇಲ್ಪದರದ ಕೆಂಪು ಕಲ್ಲು,
ಪುಸ್ತಕದಲ್ಲಿ ಜಂಬಿಟ್ಟಿಗೆ, ನಮ್ಮ ಅಂಕೋಲೆ ಕಡೆ ಚಿರೆಕಲ್ಲು.
ಏಳು ವರ್ಷದಿಂದ ಒಂದೇ ಅಧ್ಯಾಯ.
ಮೊದಲ ಪುಟವನ್ನು ಎಷ್ಟು ತಿದ್ದಿದ್ದೆನೆಂದರೆ
ಓದಿದರೆ ಬೇರೆ ಯಾರದೋ ಕಾಗದ ಕದ್ದು ಓದಿದ ಹಾಗೆ.
ತೋರಿಸು ಎಂದರೆ, ಇನ್ನೂ ಹಸಿ ಅನ್ನುತ್ತಿದ್ದೆ.
ಸರ್ವೇಶ ಒಮ್ಮೆ ಕನ್ನಡಕ ಒರೆಸುತ್ತ ಕೇಳಿದ:
ಮೇಡಂ, ನಿಮ್ಮ ಕಲ್ಲು ಅಗೆಯುವಾಗ ಮೆತ್ತಗೆ,
ಕೊಡಲಿಯಿಂದಲೂ ಕಡಿಯಬಹುದು ಅಂತೀರಿ.
ಗಟ್ಟಿಯಾಗುವುದು ಯಾವಾಗ?

ಹೊರಗೆ ಗಾಳಿಗೆ ಇಟ್ಟ ಮೇಲೆ, ಅಂದೆ.

ಹೌದಾ, ಅಂದ. ಮತ್ತೆ ಅಳಿಸಲು ಕುಳಿತ.

ಮುಂದಿನ ವಾರ ನಾಲ್ಕು ಪುಟ ಮೇಜಿನ ಮೇಲಿಟ್ಟೆ,
ಪರೀಕ್ಷೆಯಲ್ಲಿ ಚೀಟಿ ಸಿಕ್ಕಿಬಿದ್ದ ಹುಡುಗಿಯಂತೆ
ಕಿಟಕಿ ನೋಡುತ್ತ ನಿಂತೆ.
ಪೆರ್ಪೆತ್ ಬಾಯಿಯ ಪೆನ್ಸಿಲು ಹನ್ನೆರಡು ಕಡೆ ಗೀರಿತ್ತು.
ಒಂದು ಗೀರಿನ ಪಕ್ಕ: ಇಲ್ಲಿ ನನಗೆ ನಿದ್ದೆ ಬಂತು.
ಮೂರನೆಯ ಪುಟದ ತಳದಲ್ಲಿ: ಇಲ್ಲಿ ಎಚ್ಚರಾಯಿತು,
ಇಲ್ಲಿಂದ ಶುರು ಮಾಡು.

ಐದನೆಯವರು ಅಗ್ನೆಲ್ ಸರ್.
ನಿವೃತ್ತರಾಗಿ ಎರಡು ವರ್ಷ. ಬಡ್ತಿ ಬೇಕಿಲ್ಲ,
ಪ್ರಕಟಣೆಗೆ ಸಿಗುವ ಅಂಕ ಬೇಕಿಲ್ಲ,
ಆದರೂ ಬಸ್ಸು ಹಿಡಿದು ಬರುತ್ತಾರೆ, ಫ್ಯಾನಿನ ಕೆಳಗೆ ಕೂರುತ್ತಾರೆ,
ತಲೆ ಎತ್ತದೆ ಬರೆಯುತ್ತಾರೆ.
ಏನು ಎಂದು ನಾವು ಕೇಳಿಲ್ಲ.
ಒಂದು ದಿನ ಹಾಳೆ ಹಾರಿ ನನ್ನ ಕಾಲಬಳಿ ಬಿತ್ತು.
ಮೇಲೆ ತಾರೀಖು, ಕೆಳಗೆ ನಮ್ಮ ಹೆಸರು:
ಬಾಯಿಗೆ ಕೆಮ್ಮು, ಆದರೂ ಎರಡು ಪುಟ.
ನಾಜ್ನೀನ್ ಅರ್ಧ ಗಂಟೆ ತಡ, ಮಗುವಿಗೆ ಜ್ವರವಿರಬೇಕು.
ಕಲ್ಲಿನ ಮೇಡಂ ಪೆನ್ನು ಕಚ್ಚುವುದು ನಿಲ್ಲಿಸಿದ್ದಾಳೆ.
ವೇರೇಕರ ಇಂದು ಏನನ್ನೂ ಅಳಿಸಲಿಲ್ಲ.

ಹಾಳೆಯನ್ನು ಮಗುಚಿ, ಓದದವಳ ಹಾಗೆ ಕೊಟ್ಟೆ.
ತೆಗೆದುಕೊಂಡರು, ನಾನು ಓದಿಲ್ಲವೆಂದು ನಂಬಿದವರ ಹಾಗೆ.

ಪೋಂಯ್. ಪೋಂಯ್.

ಇಲ್ಲಿಯ ಗಟ್ಟಿ ಸಿಪ್ಪೆಯ ಬ್ರೆಡ್ಡಿಗೆ ಉಂಡೋ ಎಂದು ಹೆಸರು.
ಅಳಿಸಿದ್ದನ್ನು ಮರಳಿ ತರುವ ಆಜ್ಞೆಗೂ
ಕಂಪ್ಯೂಟರಿನಲ್ಲಿ ಹೆಚ್ಚುಕಡಿಮೆ ಅದೇ ಹೆಸರು,
ಸರ್ವೇಶ ಅದನ್ನು ಮುಟ್ಟುವುದಿಲ್ಲ.
ನನ್ನ ಕಿವಿಗೆ ಮಾತ್ರ ಅದು
ಯಾರೋ ಹೊಸ್ತಿಲಲ್ಲಿ ನಿಂತು ಊಟವಾಯಿತೇ ಎಂದು ಕೇಳಿದ್ದು.

ಇಳಿಜಾರಿಗೆ ಓಡುತ್ತೇವೆ, ಚಿಲ್ಲರೆ ಹುಡುಕುತ್ತ.
ಕಾಗದದ ಪೊಟ್ಟಣದೊಳಗಿಂದ ಅಂಗೈಗೆ ಬಿಸಿ.
ಮೇಲೆ, ಕೋಣೆಯಲ್ಲಿ, ನನ್ನ ವಾಕ್ಯ ಹಾಗೇ ಇದೆ,
ಕರ್ತೃ ಬಂದು ಕೂತಿದೆ, ಕರ್ಮವೂ ಬಂದಿದೆ,
ಕ್ರಿಯಾಪದ ಇನ್ನೂ ದಾರಿಯಲ್ಲಿದೆ.